ಮುಚ್ಚಳ ನಿಲ್ಲದ ಭಟ್ಟಿ: ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕಾರ್ಬನ್ ಇಳಿಸಿದ ಪ್ರಕರಣ

ಬೆಳಗಾವಿಯಲ್ಲಿ ಫೌಂಡ್ರಿಗಳಿಗೆ ಬರವಿಲ್ಲ. ಪಂಪು, ವಾಲ್ವು, ಟ್ರ್ಯಾಕ್ಟರು, ಲಾರಿಗಳಿಗೆ ಬೇಕಾದ ಎರಕದ ಭಾಗಗಳು ಇಲ್ಲಿಂದ ಊರೂರಿಗೆ ಹೋಗುತ್ತವೆ, ಹೊರದೇಶಕ್ಕೂ ಹೋಗುತ್ತವೆ. ಅಂಥ ಒಂದು ಮಧ್ಯಮ ಗಾತ್ರದ ಫೌಂಡ್ರಿಯಲ್ಲಿ ಒಂದೂವರೆ ವರ್ಷ ನಡೆದ ಕೆಲಸದ ವಿವರ ಇದು. ನಾನು ಎನರ್ಜಿ ಆಡಿಟರ್, ಕಾರ್ಖಾನೆಗಳಲ್ಲಿ ಕರೆಂಟು, ಇಂಧನ ಎಲ್ಲಿ ಎಷ್ಟು ಹೋಗುತ್ತದೆ ಅಂತ ಅಳೆದು ನೋಡುವವನು. ಅಲ್ಲಿಗೆ ಸಲಹೆ ಕೊಡಲು ಆಗಾಗ ಹೋಗಿ ಬರುತ್ತಿದ್ದೆ ಅಷ್ಟೇ. ದಿನವೂ ನಿಂತು ಕೆಲಸ ಮಾಡಿದ್ದು ಅಲ್ಲೇ ನೌಕರಿಗೆ ಸೇರಿದ ಒಬ್ಬ ಎಂಜಿನಿಯರ್. ಆಕೆಯ ಮತ್ತು ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಹೆಸರುಗಳನ್ನು ಬಿಟ್ಟಿದ್ದೇನೆ, ಕಾರ್ಖಾನೆಯ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

"ಕ್ಲೈಮೇಟ್ ಫೀಲ್ಡ್‌ನಲ್ಲಿ ಕೆಲಸ ಹೇಗೆ ಸಿಗುತ್ತೆ ಸರ್" ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುವ ಮನಸ್ಸಾಯಿತು.

ಆಕೆ ಬಂದ ದಾರಿ

ಆಕೆ ಓದಿದ್ದು ಮೆಕ್ಯಾನಿಕಲ್. ಆಮೇಲೆ ಎಲ್ಲರಂತೆ ಬೆಂಗಳೂರು, ಸಾಫ್ಟ್‌ವೇರ್ ಟೆಸ್ಟಿಂಗ್, ಆರು ವರ್ಷ. ಹವಾಮಾನದ ಬಗ್ಗೆ ಏನಾದರೂ ಮಾಡಬೇಕು ಅನ್ನಿಸಿದಾಗ ಮೊದಲು ಹುಡುಕಿದ್ದು "ಸಸ್ಟೈನಬಿಲಿಟಿ" ಅಂತ ಹೆಸರಿದ್ದ ಹುದ್ದೆಗಳನ್ನು. ಆನ್‌ಲೈನ್ ಸರ್ಟಿಫಿಕೇಟುಗಳನ್ನೂ ಮಾಡಿಕೊಂಡರು. ಕರೆ ಬಂದದ್ದೇ ಕಡಿಮೆ. ಬಂದ ಕಡೆ ಕೇಳಿದ್ದು ವರದಿ ಬರೆಯುವ ಅನುಭವವನ್ನು.

ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ನಾವೆಲ್ಲ ಬಿಇಇ ಅನ್ನುವುದು, ಎನರ್ಜಿ ಆಡಿಟರ್ ಪರೀಕ್ಷೆ ನಡೆಸುತ್ತದೆ. ನಾಲ್ಕು ಪೇಪರ್. ಮೊದಲ ಮೂರು ಪಾಸಾದರೆ ಎನರ್ಜಿ ಮ್ಯಾನೇಜರ್, ನಾಲ್ಕನೆಯದೂ ಆದರೆ ಆಡಿಟರ್. ಪರೀಕ್ಷೆ ಓದಿ ಬರೆಯಬಹುದು, ಆದರೆ ಎಂಜಿನಿಯರಿಂಗ್ ಪದವೀಧರರಿಗೆ ವಿದ್ಯುತ್ತು, ಇಂಧನ ಬಳಸುವ ಕಡೆ ಮೂರು ವರ್ಷದ ಕೆಲಸದ ಅನುಭವ ಇರಬೇಕು. ಸಾಫ್ಟ್‌ವೇರ್ ಟೆಸ್ಟಿಂಗ್ ಆ ಲೆಕ್ಕಕ್ಕೆ ಬರಲಿಲ್ಲ. ಆಕೆ ನನಗೆ ಫೋನ್ ಮಾಡಿದ್ದು ಇದೇ ವಿಷಯಕ್ಕೆ: ಅನುಭವ ಎಲ್ಲಿಂದ ತರಲಿ?

ಅದೇ ಹೊತ್ತಿಗೆ ಈ ಫೌಂಡ್ರಿಯ ಮಾಲೀಕರಿಗೆ ಯುರೋಪಿನ ಒಂದು ಗ್ರಾಹಕ ಕಂಪನಿಯಿಂದ ಉದ್ದದ ಪ್ರಶ್ನಾವಳಿ ಬಂದಿತ್ತು. ಒಂದು ಕಿಲೋ ಎರಕಕ್ಕೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ ಅಂತ ಕೇಳಿದ್ದರು. ಹಿಂದಿನ ವರ್ಷ ಯಾರೋ ಕನ್ಸಲ್ಟೆಂಟ್ ಅಂದಾಜಿನಲ್ಲಿ ತುಂಬಿಕೊಟ್ಟಿದ್ದರು. ಈ ಸಲ ಗ್ರಾಹಕರು ಆ ಅಂದಾಜಿಗೆ ಆಧಾರ ಕೇಳಿದರು. ಆಧಾರ ಇರಲಿಲ್ಲ.

ಇಬ್ಬರನ್ನೂ ಮುಖಾಮುಖಿ ಮಾಡಿಸಿದೆ. ಮಾಲೀಕರು ಮೊದಲು ಕೊಡಲು ಮುಂದಾಗಿದ್ದು ಆಫೀಸಿನಲ್ಲಿ ಕೂತು ಫಾರ್ಮ್ ತುಂಬುವ ಕೆಲಸ, ಸಂಬಳವೂ ಪರವಾಗಿಲ್ಲ. ಆಕೆ ಅದನ್ನು ಬಿಟ್ಟು ಮೆಂಟೆನೆನ್ಸ್ ವಿಭಾಗವನ್ನು ಕೇಳಿ ಪಡೆದರು. ಬೆಂಗಳೂರಿನ ಸಂಬಳದ ಅರ್ಧಕ್ಕಿಂತ ಕಡಿಮೆ. ಎರಡು ಷರತ್ತು ಹಾಕಿದರು. ಮೀಟರುಗಳಿಗೆ ಹಣ ಕೊಡಬೇಕು. ಭಟ್ಟಿಯ ಹತ್ತಿರ ಯಾವ ಶಿಫ್ಟಿನಲ್ಲಾದರೂ ನಿಲ್ಲಲು ಬಿಡಬೇಕು. ಈ ಪ್ರಕರಣದಲ್ಲಿ ಮೊದಲ ಸರಿಯಾದ ನಿರ್ಧಾರ ಅಂದರೆ ಇದೇ. ಆಫೀಸ್ ಕುರ್ಚಿ ಒಪ್ಪಿದ್ದರೆ ಒಂದು ಚೆಂದದ ಎಕ್ಸೆಲ್ ಶೀಟ್ ಆಗುತ್ತಿತ್ತು, ಅಷ್ಟೇ.

ಮೀಟರ್ ಹೇಳಿದ್ದು, ವಹಿ ಹೇಳಿದ್ದು

ಫೌಂಡ್ರಿಯ ತಿಂಗಳ ಕರೆಂಟು ಸುಮಾರು 2.4 ಲಕ್ಷ ಯೂನಿಟ್. ಒಳ್ಳೆಯ ಎರಕ, ಅಂದರೆ ರಿಜೆಕ್ಟ್ ಕಳೆದು ಗಾಡಿ ಹತ್ತುವ ಮಾಲು, ತಿಂಗಳಿಗೆ 170 ಟನ್. ಅಷ್ಟು ಮಾಲಿಗೆ 260 ಟನ್ ಕಬ್ಬಿಣ ಕರಗಿಸಬೇಕಿತ್ತು. ಉಳಿದದ್ದು ರನ್ನರ್, ರೈಸರ್, ಅಂದರೆ ಅಚ್ಚಿಗೆ ಲೋಹ ಹರಿಯುವ ದಾರಿಗಳಲ್ಲೇ ಗಟ್ಟಿಯಾದ ಕಬ್ಬಿಣ, ಜೊತೆಗೆ ರಿಜೆಕ್ಟು. ಅವೆಲ್ಲ ವಾಪಸ್ ಭಟ್ಟಿಗೆ.

ಕರೆಂಟಿನಲ್ಲಿ ಮುಕ್ಕಾಲು ಪಾಲು ತಿನ್ನುತ್ತಿದ್ದದ್ದು ಇಂಡಕ್ಷನ್ ಫರ್ನೇಸು, ಅಂದರೆ ಸುತ್ತಲಿನ ಕಾಯಿಲ್‌ನಲ್ಲಿ ಕರೆಂಟು ಹರಿಸಿ ಲೋಹ ಕರಗಿಸುವ ಭಟ್ಟಿ. 750 ಕಿಲೋದ ಎರಡು ಕ್ರೂಸಿಬಲ್ (ಲೋಹ ಕರಗುವ ಪಾತ್ರೆ), ಒಂದೇ ಪವರ್ ಪ್ಯಾನೆಲ್. ಒಂದು ಟನ್ ಕಬ್ಬಿಣವನ್ನು ಕರಗಿಸಿ 1,500 ಡಿಗ್ರಿಗೆ ಒಯ್ಯಲು ಲೆಕ್ಕದ ಪ್ರಕಾರ ಬೇಕಾಗುವುದು 400 ಯೂನಿಟ್‌ಗಿಂತ ಕಡಿಮೆ. ಕಾಯಿಲ್ ತಣ್ಣಗಿಡುವ ನೀರು, ಲೈನಿಂಗು ಅಂದರೆ ಭಟ್ಟಿಯ ಒಳಗೋಡೆ, ಬಾಯಿ, ಇವುಗಳಿಂದ ಹೋಗುವ ಶಾಖ ಎಲ್ಲ ಸೇರಿ ಚೆನ್ನಾಗಿ ನಡೆಸಿದ ಭಟ್ಟಿ 550ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಲ್ಲಿ ಸರಾಸರಿ 690 ಇತ್ತು.

ನಮ್ಮ ದೇಶದ ಗ್ರಿಡ್‌ನಿಂದ ಬರುವ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋಗಿಂತ ತುಸು ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ಈ ಅಂಕಿಯನ್ನು ಪ್ರತಿ ವರ್ಷ ಪ್ರಕಟಿಸುತ್ತದೆ. ನಾವು 0.72 ಹಿಡಿದೆವು. ತಿಂಗಳಿಗೆ 173 ಟನ್, ವರ್ಷಕ್ಕೆ ಎರಡು ಸಾವಿರ ಟನ್ ದಾಟುತ್ತದೆ. ಚಿಮಣಿಯೇ ಇಲ್ಲದ ಕಾರ್ಖಾನೆ ಇದು. ಹೊಗೆ ಏಳುವುದು ರಾಯಚೂರಿನಲ್ಲೋ ಬಳ್ಳಾರಿಯಲ್ಲೋ.

ಮಾಲೀಕರ ಮನಸ್ಸಿನಲ್ಲಿದ್ದದ್ದು ಸೋಲಾರ್. ಚಾವಣಿ ಮೇಲೆ 100 ಕಿಲೋವಾಟ್ ಹಾಕಿಸಿ, ಫೋಟೋ ತೆಗೆದು ಗ್ರಾಹಕರಿಗೆ ಕಳಿಸುವ ಯೋಚನೆ. ನಮ್ಮ ಕಡೆ ಒಂದು ಕಿಲೋವಾಟ್ ಸೋಲಾರ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. 100 ಕಿಲೋವಾಟ್ ಅಂದರೆ ತಿಂಗಳಿಗೆ 12,000. ಬಿಲ್ಲಿನ ಶೇ 5. ಹಳೆಯ ಶೀಟಿನ ಚಾವಣಿ, ಮೇಲೆಲ್ಲ ಮರಳಿನ ಧೂಳು. ಅರ್ಧ ಕೋಟಿ ಹತ್ತಿರದ ಖರ್ಚು. "ಬೇಡ ಅನ್ನುತ್ತಿಲ್ಲ, ಈಗ ಬೇಡ" ಅಂದರು ಆಕೆ. ಮಾಲೀಕರಿಗೆ ಇದು ಅಷ್ಟು ಹಿಡಿಸಲಿಲ್ಲ. ಕ್ಲೈಮೇಟ್ ಅಂತ ಬಂದವರು ಸೋಲಾರ್ ಬೇಡ ಅಂದರೆ ಯಾರಿಗಾದರೂ ವಿಚಿತ್ರ ಅನ್ನಿಸುತ್ತೆ ಅಲ್ವಾ.

ಮೊದಲು ಮಾಡಿದ್ದು ಒಂದು ವಹಿ. ಭಟ್ಟಿ ಒಮ್ಮೆ ತುಂಬಿ ಕರಗಿಸಿ ತೆಗೆಯುವುದಕ್ಕೆ ಹೀಟ್ ಅನ್ನುತ್ತಾರೆ. ಪ್ರತಿ ಹೀಟ್‌ಗೆ ಶುರುವಾದ ಹೊತ್ತು, ಮುಗಿದ ಹೊತ್ತು, ಯೂನಿಟ್, ಟ್ಯಾಪ್ ಮಾಡಿದ (ಲೋಹ ಹೊರಗೆ ತೆಗೆದ) ಉಷ್ಣತೆ ಬರೆಯಬೇಕು. ಒಂದು ವಾರದ ನಂತರ ವಹಿ ತೆಗೆದು ನೋಡಿದರೆ ಎಲ್ಲ ಹೀಟಿಗೂ ಸರಿಸುಮಾರು 500 ಯೂನಿಟ್. ಒಂದೇ ಪೆನ್ನು, ಒಂದೇ ಕೈ, ಒಂದೇ ಓಟದಲ್ಲಿ ಬರೆದದ್ದು. ಹೆಲ್ಪರ್ ಹುಡುಗ ಶಿಫ್ಟ್ ಮುಗಿದ ಮೇಲೆ ಕೂತು ನೆನಪಿನಿಂದ ತುಂಬುತ್ತಿದ್ದ. ಅವನಿಗೆ ಬೈಯಬಹುದಿತ್ತು. ಆಕೆ ಬೈಯಲಿಲ್ಲ. ಪ್ಯಾನೆಲ್ ಹಿಂದೆ ಇದ್ದ ಮೀಟರನ್ನು ತೆಗೆಸಿ, ದೊಡ್ಡ ಅಂಕಿಯ ಹೊಸ ಮೀಟರನ್ನು ಕಣ್ಣಿನ ಮಟ್ಟಕ್ಕೆ ಹಾಕಿಸಿದರು. ಬರೆಯುವುದೇ ಬೇಡ, ಹೀಟ್ ಶುರುವಾದಾಗ ಒಂದು, ಮುಗಿದಾಗ ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿ ಸಾಕು ಅಂದರು. ಫೋನಿನಲ್ಲಿ ಹೊತ್ತು ತಾನಾಗೇ ಬರುತ್ತದೆ.

ಆ ಫೋಟೋಗಳಿಂದ ನಿಜ ಹೊರಗೆ ಬಂತು. ಅದೇ ಭಟ್ಟಿ, ಅದೇ ಗ್ರೇಡ್ ಕಬ್ಬಿಣ, ಟನ್‌ಗೆ ಒಂದು ಹೀಟಿನಲ್ಲಿ 580 ಯೂನಿಟ್, ಇನ್ನೊಂದರಲ್ಲಿ 820. ಬೆಳಗಿನ ಮೊದಲ ಹೀಟಿಗೆ ಜಾಸ್ತಿ ಬೇಕು, ಲೈನಿಂಗ್ ತಣ್ಣಗಿರುತ್ತದೆ. ಅದನ್ನು ಬೇರೆ ಇಟ್ಟು ನೋಡಿದರೂ ಅಂತರ ಹಾಗೇ ಇತ್ತು. ಅಂದರೆ ಒಳ್ಳೆಯ ಭಟ್ಟಿ ಈಗಾಗಲೇ ಇದೆ, ದಿನದಲ್ಲಿ ಕೆಲವು ಹೀಟುಗಳಲ್ಲಿ ಮಾತ್ರ ಅದು ಒಳ್ಳೆಯದಾಗಿ ನಡೆಯುತ್ತದೆ. ಹೊಸ ಫರ್ನೇಸ್ ಮಾರಲು ಬರುತ್ತಿದ್ದ ಏಜೆಂಟನಿಗೆ ಅಂದಿನಿಂದ ಚಹಾ ಕುಡಿಸಿ ಕಳಿಸಿದರು.

ಮುಚ್ಚಳದ ವಿಷಯ

ಕರಗಿದ ಕಬ್ಬಿಣದ ತೆರೆದ ಬಾಯಿಯಿಂದ ಶಾಖ ಕಿರಣವಾಗಿ ಹೊರಗೆ ಹೋಗುತ್ತದೆ. ಈ ಗಾತ್ರದ ಭಟ್ಟಿಯಲ್ಲಿ ಅದು 25-30 ಕಿಲೋವಾಟ್ ಹತ್ತಿರ ಬರುತ್ತದೆ. ಅನ್ನ ಬೇಯಿಸುವಾಗ ಮುಚ್ಚಳ ಮುಚ್ಚು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ, ಭಟ್ಟಿಗೂ ಅದೇ ಮಾತು. ಆದ್ದರಿಂದ ಸೆರಾಮಿಕ್ ಉಣ್ಣೆ ಒಳಗೆ ಹಾಕಿದ ಕಬ್ಬಿಣದ ಮುಚ್ಚಳವೊಂದನ್ನು ಮಾಡಿಸಿದರು. ಕ್ರೇನಿನಿಂದ ಎತ್ತಿ ಇಡುವಂಥದ್ದು. ಒಂದು ವಾರದಲ್ಲಿ ಅದು ಮೂಲೆ ಸೇರಿತು. ಎರಡನೇ ಸಲ ತಂದಿಟ್ಟರು, ಮತ್ತೆ ಮೂಲೆಗೆ.

ಮಾಲೀಕರು ದಂಡ ಹಾಕೋಣ ಅಂದರು. ಇಲ್ಲಿ ಕಥೆ ತಪ್ಪು ದಾರಿ ಹಿಡಿಯಬಹುದಿತ್ತು. ಆಕೆ ದಂಡ ಬೇಡ ಅಂತ ಹೇಳಿ, ಭಟ್ಟಿ ಮೇಸ್ತ್ರಿಯ ಜೊತೆ ಇಡೀ ಶಿಫ್ಟ್ ನಿಂತರು. ಮೇಸ್ತ್ರಿಗೆ ಐವತ್ತು ದಾಟಿದೆ. ಲೋಹದ ಬಣ್ಣ ನೋಡಿ ಉಷ್ಣತೆ ಹೇಳುವ ಮನುಷ್ಯ. ಅವರು ಕೊಟ್ಟ ಉತ್ತರ ಹೀಗಿತ್ತು: "ಮುಚ್ಚಳ ಹಾಕಿದ್ರ ಒಳಗ ಏನ್ ನಡದದ ಅಂತ ಕಾಣಂಗಿಲ್ರಿ ಮೇಡಂ. ಮ್ಯಾಲೆ ಮಾಲ್ ಸಿಕ್ಕೊಂಡು ಕುಂತ್ರ ಕೆಳಗ ಭಟ್ಟಿ ಸುಟ್ಟು ಹೋಗ್ತದ. ಆಮ್ಯಾಗ ಸಾಯಾಂವ ನಾನ."

ಅವರು ಹೇಳಿದ್ದು ಬ್ರಿಡ್ಜಿಂಗ್ ಬಗ್ಗೆ. ಉದ್ದುದ್ದ ಸ್ಕ್ರ್ಯಾಪು, ಗಿಡದ ಕೊಂಬೆಯಂತೆ ಚಾಚಿಕೊಂಡ ರನ್ನರುಗಳು ಭಟ್ಟಿಯ ಬಾಯಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತವೆ. ಮೇಲೆ ಗಟ್ಟಿ ಸೇತುವೆ, ಕೆಳಗೆ ಕರಗಿದ ಲೋಹ, ನಡುವೆ ಖಾಲಿ. ಕೆಳಗಿನ ಲೋಹ ತಡೆಯಿಲ್ಲದೆ ಕಾಯುತ್ತಾ ಹೋಗಿ ಲೈನಿಂಗ್ ತಿಂದು, ನೀರು ಹರಿಯುವ ಕಾಯಿಲ್‌ವರೆಗೆ ಹೋದರೆ ಸ್ಫೋಟ. ಅದಕ್ಕೇ ಮೇಸ್ತ್ರಿ ಪ್ರತಿ ಎರಡು ನಿಮಿಷಕ್ಕೆ ರಾಡು ಹಾಕಿ ತಿವಿಯುತ್ತಿದ್ದರು. ಮುಚ್ಚಳ ಅವರ ಕಣ್ಣಿಗೆ ಶಾಖ ಉಳಿಸುವ ಸಾಧನ ಆಗಿರಲಿಲ್ಲ, ಜೀವಕ್ಕೆ ಅಪಾಯ ತರುವ ವಸ್ತು. ಅವರ ಭಯ ನೂರಕ್ಕೆ ನೂರು ಸರಿ.

ಪ್ರಕರಣ ತಿರುಗಿದ್ದು ಇಲ್ಲಿ. ಮುಚ್ಚಳದ ಸಮಸ್ಯೆ ಮುಚ್ಚಳದಲ್ಲಿ ಇರಲಿಲ್ಲ, ಭಟ್ಟಿಗೆ ಹಾಕುವ ಮಾಲಿನಲ್ಲಿತ್ತು. ಆದ್ದರಿಂದ ಮೊದಲು ಸ್ಕ್ರ್ಯಾಪ್ ಅಂಗಳಕ್ಕೆ ಹೋದರು. ಗ್ರೇ ಐರನ್, ಅಂದರೆ ಸಾಮಾನ್ಯ ಎರಕದ ಕಬ್ಬಿಣದ ರನ್ನರುಗಳು ಸುತ್ತಿಗೆ ಏಟಿಗೆ ಒಡೆಯುತ್ತವೆ, ಅವನ್ನು ಗೇಣುದ್ದದ ತುಂಡು ಮಾಡಲು ಒಬ್ಬರನ್ನು ಇಟ್ಟರು. ಎಸ್‌ಜಿ ಐರನ್ ಇನ್ನೊಂದು ಬಗೆಯ ಗಟ್ಟಿಮುಟ್ಟಾದ ಎರಕದ ಕಬ್ಬಿಣ, ಒಡೆಯುವುದಿಲ್ಲ, ಅದಕ್ಕೆ ಕಟಿಂಗ್. ಮಾಲನ್ನು ಒಳಗೆ ಹಾಕಿ ತಿರುಗಿಸುವ ಹಳೆಯ ಟಂಬ್ಲಿಂಗ್ ಬ್ಯಾರಲ್ ಒಂದು ತುಕ್ಕು ಹಿಡಿದು ಬಿದ್ದಿತ್ತು. ಅದನ್ನು ರಿಪೇರಿ ಮಾಡಿಸಿ, ವಾಪಸ್ ಬಂದ ರನ್ನರುಗಳಿಗೆ ಅಂಟಿದ ಮರಳು ಉದುರಿಸಿ ಆಮೇಲೆ ಭಟ್ಟಿಗೆ ಹಾಕತೊಡಗಿದರು. ಮರಳನ್ನೂ ಕರಗಿಸಿ ಸ್ಲ್ಯಾಗ್ ಮಾಡಿ ತೆಗೆದೆಸೆಯಲು ಕರೆಂಟು ಖರ್ಚಾಗುತ್ತದೆ ಅನ್ನುವುದು ಅಲ್ಲಿ ಯಾರ ತಲೆಗೂ ಹೋಗಿರಲಿಲ್ಲ.

ಮಾಲು ಚಿಕ್ಕದಾದ ಮೇಲೆ ತಿವಿಯುವ ಕೆಲಸ ಕಡಿಮೆ ಆಯಿತು. ಆಮೇಲೆ ಹೊಸ ಮುಚ್ಚಳ. ಈ ಸಲ ಅದರ ನಕ್ಷೆ ಹೇಳಿದ್ದು ಮೇಸ್ತ್ರಿ. ಪಕ್ಕಕ್ಕೆ ಹೊರಳುವಂತೆ ಒಂದು ಹಳೆ ಪೈಪಿನ ಕಂಬ, ಹಿಂದೆ ತೂಕಕ್ಕೆ ಕಬ್ಬಿಣದ ಗಟ್ಟಿ, ಒಂದೇ ಕೈಯಲ್ಲಿ ಸರಿಸಲು ಹಿಡಿಕೆ, ನಡುವೆ ರಾಡು ಹೋಗುವಷ್ಟು ಒಂದು ಕಿಂಡಿ. ಒಳಗೆ ಕಾಣುತ್ತದೆ, ತಿವಿಯಲೂ ಬರುತ್ತದೆ. ಕ್ರೇನಿಗೆ ಕಾಯುವ ಕೆಲಸ ಇಲ್ಲ. ಆ ಮುಚ್ಚಳ ಇವತ್ತಿಗೂ ಇದೆ.

ಇನ್ನೊಂದು ನಷ್ಟ ಕಾಯುವುದರಲ್ಲಿತ್ತು. ಲೋಹ ರೆಡಿ, ಅದನ್ನು ಹೊಯ್ಯುವ ಮರಳಿನ ಅಚ್ಚು, ಅಂದರೆ ಮೋಲ್ಡ್, ರೆಡಿ ಇಲ್ಲ. ಭಟ್ಟಿ ಸುಮ್ನೆ ಉರಿಯುತ್ತಾ ನಿಂತಿರುತ್ತಿತ್ತು. ಮೋಲ್ಡಿಂಗ್ ವಿಭಾಗಕ್ಕೂ ಮೆಲ್ಟಿಂಗ್ ವಿಭಾಗಕ್ಕೂ ಹಳೆಯ ಮುನಿಸು, ಒಬ್ಬರನ್ನೊಬ್ಬರು ಕೇಳುತ್ತಿರಲಿಲ್ಲ. ಎರಡೂ ಕಡೆ ಕಾಣುವಂತೆ ಒಂದು ಬೋರ್ಡ್ ಹಾಕಿ, ಇಷ್ಟು ಮೋಲ್ಡ್ ಮುಚ್ಚಿದ ಮೇಲೆಯೇ ಮುಂದಿನ ಹೀಟಿಗೆ ಪೂರ್ತಿ ಪವರ್ ಅಂತ ನಿಯಮ ಮಾಡಿದರು. ಇದರ ಬಗ್ಗೆ ಹೆಚ್ಚು ಹೇಳುವುದು ಬೇಕಿಲ್ಲ. ಅರ್ಧ ಜಗಳ, ಅರ್ಧ ಸುಧಾರಣೆ, ಹಾಗೇ ನಡೆಯಿತು.

ಗಾಳಿಯ ಲೆಕ್ಕ

ಫೌಂಡ್ರಿಯಲ್ಲಿ ಕಂಪ್ರೆಸ್ಡ್ ಗಾಳಿ ಎಲ್ಲಕ್ಕೂ ಬೇಕು: ಮೋಲ್ಡಿಂಗ್ ಮಷೀನು, ಫೆಟ್ಲಿಂಗ್ (ಎರಕದ ಮೈ ಉಜ್ಜಿ ನಯ ಮಾಡುವ) ಗ್ರೈಂಡರು, ಮರಳು ಊದಲು. ಗಾಳಿ ಪುಕ್ಕಟೆ ಅಂತ ಎಲ್ಲರ ಭಾವನೆ. ಒಂದು ಭಾನುವಾರ ಎಲ್ಲ ಮಷೀನು ನಿಲ್ಲಿಸಿ ಕಂಪ್ರೆಸರ್ ಒಂದನ್ನೇ ಓಡಿಸಿದೆವು. ಯಾರೂ ಗಾಳಿ ಬಳಸುತ್ತಿಲ್ಲ ಅಂದ ಮೇಲೆ ಅದು ಒಮ್ಮೆ ತುಂಬಿ ಸುಮ್ಮನಿರಬೇಕು. ಇದು 40 ಸೆಕೆಂಡ್ ಲೋಡ್ ಅಂದರೆ ಗಾಳಿ ತುಂಬುವುದು, 70 ಸೆಕೆಂಡ್ ಅನ್‌ಲೋಡ್ ಅಂದರೆ ತುಂಬದೆ ಇರುವುದು, ಮತ್ತೆ 40 ಸೆಕೆಂಡ್ ಲೋಡ್. ಅಂದರೆ ಸಾಮರ್ಥ್ಯದ ಶೇ 36 ಸೋರಿಕೆಗೇ ಹೋಗುತ್ತಿತ್ತು. ಮಷೀನು ನಿಂತ ಆ ಶೆಡ್ಡಿನಲ್ಲಿ ಸುಯ್ಯ್ ಅನ್ನುವ ಸದ್ದು ನಾಲ್ಕೂ ದಿಕ್ಕಿನಿಂದ ಕೇಳುತ್ತಿತ್ತು. ಸೋಪಿನ ನೀರು ಹಾಕಿ ನೋಡಿದರೆ ಜಾಯಿಂಟುಗಳಲ್ಲಿ ಗುಳ್ಳೆ.

ಜಾಯಿಂಟು, ಕಪ್ಲಿಂಗು ಬದಲಿಸಿದ್ದು ಸುಲಭದ ಭಾಗ. ಒತ್ತಡವನ್ನು 7.5 ಬಾರ್‌ನಿಂದ ಇಳಿಸಲು ಹೋದಾಗ ಫೆಟ್ಲಿಂಗ್‌ನವರು ಗ್ರೈಂಡರ್ ಸುತ್ತುತ್ತಿಲ್ಲ ಅಂದರು. ನೋಡಿದರೆ ತೊಂದರೆ ಒತ್ತಡದ್ದಲ್ಲ, ಹೋಸು ಸಣ್ಣದು, ಉದ್ದ ಜಾಸ್ತಿ. ದಪ್ಪ ಹೋಸು ಕೊಟ್ಟ ಮೇಲೆ 6.2 ಬಾರ್‌ನಲ್ಲೇ ಕೆಲಸ ನಡೆಯಿತು. ಒಂದು ಬಾರ್ ಇಳಿಸಿದರೆ ಕಂಪ್ರೆಸರಿನ ಕರೆಂಟಿನಲ್ಲಿ ಶೇ 6-7 ಉಳಿಯುತ್ತದೆ ಅನ್ನುವುದು ನಮ್ಮ ಕಸುಬಿನಲ್ಲಿ ಎಲ್ಲರೂ ಹಿಡಿಯುವ ಲೆಕ್ಕ.

ಇಷ್ಟೆಲ್ಲ ಆದರೂ ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿಯ ಬಳಕೆ ಮತ್ತೆ ಏರಿತು. ಮಧ್ಯಾಹ್ನವೇ ಜಾಸ್ತಿ. ಕಾರಣ ತಿಳಿಯಲು ಒಂದು ಸುತ್ತು ಸಾಕಾಯಿತು. ಫೆಟ್ಲಿಂಗ್ ಹುಡುಗರು ಹೋಸಿನ ತುದಿಯನ್ನು ಅಂಗಿಯ ಕಾಲರಿನೊಳಗೆ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದರು. ಮೈಗೆ ತಂಪು. ಅದು ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ದುಬಾರಿ ಫ್ಯಾನು, ಜೊತೆಗೆ ಅಪಾಯವೂ ಹೌದು, ಆ ಒತ್ತಡದ ಗಾಳಿ ಚರ್ಮದ ಗಾಯದೊಳಗೆ ಹೋಗಬಾರದು. ಸೂಪರ್‌ವೈಸರ್ ಕೂಗಾಡಿದರು. ಆಕೆ ಸಾಲಿಗೆ ಎರಡರಂತೆ ದೊಡ್ಡ ಪೆಡೆಸ್ಟಲ್ ಫ್ಯಾನು ತರಿಸಿದರು. ಹೋಸು ಕಾಲರಿನಿಂದ ಹೊರಗೆ ಬಂತು. ಶೆಡ್ಡಿನ ಶಾಖ ಕೂಡ ಹವಾಮಾನದ ವಿಷಯವೇ ಅಲ್ವಾ? ಅದಕ್ಕೆ ಮಾತ್ರ ಗ್ರಾಹಕರ ಪ್ರಶ್ನಾವಳಿಯಲ್ಲಿ ಕಾಲಂ ಇರಲಿಲ್ಲ.

ಎಲ್ಲ ನಿಂತುಹೋದ ವಾರ

ಮುಚ್ಚಳ, ಗಾಳಿ ಎರಡೂ ಕೂಡಿಬಂದ ಹುರುಪಿನಲ್ಲಿ ಆಕೆ ಮುಂದಿನದಕ್ಕೆ ಕೈ ಹಾಕಿದರು. ಭಟ್ಟಿಯಿಂದ ಲೋಹವನ್ನು 1,520 ಡಿಗ್ರಿಗೆ ತೆಗೆಯುವುದು ಅಲ್ಲಿನ ರೂಢಿ. 1,470 ಸಾಕು, ಟನ್‌ಗೆ 15-20 ಯೂನಿಟ್ ಉಳಿಯುತ್ತದೆ ಅನ್ನುವುದು ಆಕೆಯ ಲೆಕ್ಕ. ಲೆಕ್ಕ ಸರಿ ಇತ್ತು. ಮೇಸ್ತ್ರಿ ಬೇಡ ಅಂತ ತಲೆ ಅಲ್ಲಾಡಿಸಿದರು. ಆದರೂ ಆಕೆ ಎಲ್ಲ ಮಾಲಿಗೂ ಒಂದೇ ಸಲ ಇಳಿಸಿದರು.

ಮೂರನೇ ದಿನ ತೆಳು ಗೋಡೆಯ ಪಂಪ್ ಕೇಸಿಂಗ್‌ಗಳು ಅರ್ಧಂಬರ್ಧ ತುಂಬಿ ಹೊರಬಂದವು. ಲೋಹ ಮೂಲೆ ಮುಟ್ಟುವ ಮೊದಲೇ ಗಟ್ಟಿಯಾಗಿತ್ತು. ಒಂದು ಇಡೀ ಲಾಟ್ ಹೋಯಿತು, ಆರ್ಡರ್ ತಡವಾಯಿತು. ಮಾಲೀಕರು ಇಡೀ ಕಾರ್ಯಕ್ರಮ ನಿಲ್ಲಿಸಿದರು. ಮೀಟರ್ ಫೋಟೋ ಹಾಕುವುದೂ ನಿಂತಿತು.

ಇಂಥ ಹೊತ್ತಿನಲ್ಲಿ ಬಹಳ ಜನ ಕೆಲಸ ಬಿಡುತ್ತಾರೆ, ಅಥವಾ ತಮ್ಮ ಲೆಕ್ಕ ಸರಿ ಅಂತ ವಾದಕ್ಕೆ ನಿಲ್ಲುತ್ತಾರೆ. ಆಕೆ ಮಾಡಿದ್ದು ಬೇರೆ. ರಿಜೆಕ್ಷನ್ ರಿಜಿಸ್ಟರ್ ತೆಗೆದುಕೊಂಡು ಮನೆಗೆ ಹೋದರು. ಅಲ್ಲಿಯವರೆಗೆ ಅದು ಕ್ವಾಲಿಟಿ ವಿಭಾಗದ ಸ್ವತ್ತು, ಕರೆಂಟಿಗೂ ಅದಕ್ಕೂ ಸಂಬಂಧ ಯಾರೂ ಹಚ್ಚಿರಲಿಲ್ಲ. ಹಿಂದಿನ ತಿಂಗಳುಗಳಲ್ಲಿ ಸರಾಸರಿ ಶೇ 9 ರಿಜೆಕ್ಷನ್. ಒಂದು ರಿಜೆಕ್ಟ್ ಅಂದರೆ ಕರಗಿಸಿದ್ದು, ಮೋಲ್ಡ್ ಮಾಡಿದ್ದು, ಊದಿದ್ದು, ಶಾಟ್ ಬ್ಲಾಸ್ಟ್ ಮಾಡಿದ್ದು ಎಲ್ಲ ವ್ಯರ್ಥ, ಮತ್ತೆ ಮೊದಲಿಂದ. ಉಷ್ಣತೆ ಇಳಿಸಿ ಉಳಿಸುವುದಕ್ಕಿಂತ ರಿಜೆಕ್ಷನ್ ಇಳಿಸಿ ಉಳಿಸುವುದೇ ಜಾಸ್ತಿ ಅಂತ ಆ ರಿಜಿಸ್ಟರ್ ತೋರಿಸಿತು. ಇನ್ನೂ ಒಂದು ವಿಷಯ ಅದರಲ್ಲಿತ್ತು. ತೆಳು ಮಾಲು ತಣ್ಣಗಿನ ಲೋಹದಿಂದ ಹಾಳಾಗುತ್ತಿದ್ದರೆ, ದಪ್ಪ ಮಾಲು ಅತಿ ಬಿಸಿ ಲೋಹದಿಂದ ಹಾಳಾಗುತ್ತಿತ್ತು: ಒಳಗೆ ಕುಗ್ಗಿದ ರಂಧ್ರ, ಮೇಲೆ ಸುಟ್ಟು ಅಂಟಿದ ಮರಳು. 1,520 ಅನ್ನುವುದು ಯಾರಿಗೂ ಸರಿಹೊಂದದ ಒಂದು ರಾಜಿ ಅಂಕಿಯಾಗಿತ್ತು.

ಹಾಗಾದರೆ 1,520 ಯಾಕೆ ರೂಢಿಯಾಯಿತು? ಕರಗಿದ ಲೋಹ ಒಯ್ಯುವ ಪಾತ್ರೆ, ಅಂದರೆ ಲ್ಯಾಡಲ್, ತಣ್ಣಗಿರುತ್ತಿತ್ತು, ಬಾಯಿ ತೆರೆದಿರುತ್ತಿತ್ತು, ಭಟ್ಟಿಯಿಂದ ಕೊನೆಯ ಮೋಲ್ಡ್ ದೂರ. ಭಟ್ಟಿಯಲ್ಲೂ ಕೊನೆಯ ಮೋಲ್ಡಿನ ಹತ್ತಿರವೂ ಅಳೆದರೆ 70-90 ಡಿಗ್ರಿ ವ್ಯತ್ಯಾಸ. ಇದನ್ನು ಮೊದಲು ಯಾರೂ ಅಳೆದಿರಲಿಲ್ಲ, ಯಾಕಂದರೆ ಉಷ್ಣತೆ ಅಳೆಯುವ ಟಿಪ್ ಒಮ್ಮೆ ಮುಳುಗಿಸಿದರೆ ಮುಗಿಯಿತು, ಹೊಸದಕ್ಕೆ ದುಡ್ಡು. ಸ್ಟೋರಿನವರು ಎಣಿಸಿ ಕೊಡುತ್ತಿದ್ದರು. ಟಿಪ್ ಉಳಿಸಲು ಹೋಗಿ ಲೋಹ ಕಳೆಯುತ್ತಿದ್ದರು.

ಮಾಲೀಕರ ಮುಂದೆ ಆಕೆ ಕಾರ್ಬನ್ ಮಾತನ್ನೇ ಎತ್ತಲಿಲ್ಲ. ರಿಜೆಕ್ಷನ್ ಇಳಿಸುತ್ತೇನೆ, ಒಂದು ತಿಂಗಳು ಟಿಪ್‌ಗಳನ್ನು ಎಣಿಸಬೇಡಿ ಅಂದರು. ಒಪ್ಪಿದರು. ಲ್ಯಾಡಲ್‌ಗೆ ಬರ್ನರ್ ಹಚ್ಚಿ ಮೊದಲೇ ಕಾಯಿಸುವುದು, ಮೇಲೆ ಮುಚ್ಚಳ, ಮಾಲಿನ ಗೋಡೆಯ ದಪ್ಪ ನೋಡಿ ಮೂರು ಉಷ್ಣತೆಯ ಪಟ್ಟಿ. ತೆಳುವಿಗೆ 1,500ರ ಮೇಲೆಯೇ, ದಪ್ಪದ್ದಕ್ಕೆ 1,450ರಿಂದ 1,470. ಪಟ್ಟಿಗೆ ಮೇಸ್ತ್ರಿ ಸಹಿ. ಆರು ತಿಂಗಳಲ್ಲಿ ರಿಜೆಕ್ಷನ್ ಶೇ 6ಕ್ಕೆ ಬಂತು.

ದುಡ್ಡು ಒಂದು ಕಡೆ, ಕಾರ್ಬನ್ ಇನ್ನೊಂದು ಕಡೆ

ಎರಡೂ ಒಟ್ಟಿಗೆ ಉಳಿಯುವವರೆಗೆ ಜಗಳವಿಲ್ಲ. ಜಗಳ ಬಂದದ್ದು ರಾತ್ರಿ ಕರೆಂಟಿನ ವಿಷಯಕ್ಕೆ. ರಾತ್ರಿ ಹೊತ್ತಿನ ಯೂನಿಟ್‌ಗೆ ದರದಲ್ಲಿ ರಿಯಾಯಿತಿ ಇತ್ತು. ಕರಗಿಸುವ ಕೆಲಸವನ್ನೆಲ್ಲ ರಾತ್ರಿಗೆ ಒಯ್ಯೋಣ ಅಂದರು ಮಾಲೀಕರು. ದುಡ್ಡಿನ ಲೆಕ್ಕದಲ್ಲಿ ಸರಿ.

ಆದರೆ ಕರ್ನಾಟಕದ ಗ್ರಿಡ್‌ನಲ್ಲಿ ಹಗಲು ಸೋಲಾರ್ ತುಂಬಾ ಇದೆ, ಪಾವಗಡದ ಪಾರ್ಕ್ ಒಂದೇ 2,000 ಮೆಗಾವಾಟ್ ದಾಟುತ್ತದೆ. ಸೂರ್ಯ ಮುಳುಗಿದ ಮೇಲೆ ಗಾಳಿ, ಶರಾವತಿಯಂಥ ಜಲವಿದ್ಯುತ್ತು ಇದ್ದರೂ ಕಲ್ಲಿದ್ದಲಿನ ಪಾಲು ಏರುತ್ತದೆ. ಹಗಲಿನ ಕೆಲಸ ರಾತ್ರಿಗೆ ಹೋದರೆ ಬಿಲ್ಲು ಇಳಿದು ಹೊಗೆ ಏರಬಹುದು. ಗ್ರಾಹಕರ ಫಾರ್ಮಿನಲ್ಲಿ ಮಾತ್ರ ಇದು ಕಾಣುವುದೇ ಇಲ್ಲ, ಅಲ್ಲಿ ಬಳಸುವುದು ವರ್ಷದ ಸರಾಸರಿ ಅಂಕಿ. ಅಂದರೆ ಕಾಗದದಲ್ಲಿ ತಪ್ಪಿಲ್ಲ.

ಆಕೆ ಇದನ್ನು ಬಾಯಿಬಿಟ್ಟು ಹೇಳಿದರು. ಮಾಲೀಕರು ಹೇಳಿದ್ದು, "ನೀವು ಹೇಳೋದು ಖರೆ, ಆದ್ರ ಸಂಬಳ ಕೊಡೋದು ನಾನು." ಕೊನೆಗೆ ನಿರ್ಧಾರ ಆದದ್ದು ಈ ಎರಡೂ ಕಾರಣಕ್ಕಲ್ಲ. ರಾತ್ರಿ ಪಾಳಿಯಲ್ಲಿ ನಡೆಸಿ ನೋಡಿದಾಗ ರಿಜೆಕ್ಷನ್ ಏರಿತು, ಮೋಲ್ಡರುಗಳೂ ಸಿಗಲಿಲ್ಲ. ಕೆಲಸ ಹಗಲಿಗೇ ಉಳಿಯಿತು. ಇದನ್ನು ಆಕೆಯ ಗೆಲುವು ಅಂತ ನಾನು ಬರೆಯುವುದಿಲ್ಲ. ರಾತ್ರಿ ಪಾಳಿ ಚೆನ್ನಾಗಿ ನಡೆದಿದ್ದರೆ ಆಕೆ ಸೋಲುತ್ತಿದ್ದರು.

ಏನು ಉಳಿಯಿತು

ಒಂದೂವರೆ ವರ್ಷದ ಕೊನೆಗೆ ಟನ್ ಲೋಹಕ್ಕೆ 690 ಇದ್ದದ್ದು 600ಕ್ಕೆ ಬಂದಿತ್ತು. ಅದೇ 170 ಟನ್ ಮಾಲಿಗೆ 252 ಟನ್ ಕರಗಿಸಿದರೆ ಸಾಕಾಯಿತು. ಕಂಪ್ರೆಸರಿನಲ್ಲಿ ತಿಂಗಳಿಗೆ 6,000 ಯೂನಿಟ್ ಕಡಿಮೆ. ಒಟ್ಟು 2.4 ಲಕ್ಷದಿಂದ 2.05 ಲಕ್ಷಕ್ಕೆ, ಶೇ 15ರ ಹತ್ತಿರ ಇಳಿಕೆ. ವರ್ಷಕ್ಕೆ 300 ಟನ್ ಕಾರ್ಬನ್ ಡೈಆಕ್ಸೈಡ್. ಯೂನಿಟ್‌ಗೆ ಎಲ್ಲ ಸೇರಿ 8 ರೂಪಾಯಿ ಹಿಡಿದರೆ ತಿಂಗಳಿಗೆ 2.8 ಲಕ್ಷ ರೂಪಾಯಿ. ಖರ್ಚಾದದ್ದು ಎಲ್ಲ ಸೇರಿ 14 ಲಕ್ಷದೊಳಗೆ. ಇದರಲ್ಲಿ ಮುಚ್ಚಳದ್ದೆಷ್ಟು, ತುಂಡು ಮಾಡಿದ ರನ್ನರಿನದ್ದೆಷ್ಟು, ಬೋರ್ಡಿನದ್ದೆಷ್ಟು ಅಂತ ಕೇಳುತ್ತಾರೆ. ಬಿಡಿಸಿ ಹೇಳಲು ಬರುವುದಿಲ್ಲ, ಒಂದಕ್ಕೊಂದು ಹೆಣೆದುಕೊಂಡಿವೆ. ಬಿಡಿಬಿಡಿಯಾಗಿ ದಶಾಂಶದವರೆಗೆ ತೋರಿಸುವ ವರದಿಗಳನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ಇಷ್ಟಾದ ಮೇಲೆ ಸೋಲಾರ್, ಗಾಳಿ ವಿದ್ಯುತ್ತಿನ ಮಾತು ಮತ್ತೆ ಬಂತು, ಈ ಸಲ ಆಕೆಯಿಂದಲೇ. ಕೇಂದ್ರದ 2022ರ ಹಸಿರು ಓಪನ್ ಆಕ್ಸೆಸ್ ನಿಯಮಗಳು 100 ಕಿಲೋವಾಟ್ ಲೋಡ್ ಇದ್ದವರಿಗೂ ಹೊರಗಿನ ಸೋಲಾರ್, ವಿಂಡ್ ಘಟಕದಿಂದ ಕರೆಂಟು ತರಿಸಿಕೊಳ್ಳಲು ದಾರಿ ಮಾಡಿದ್ದವು. ಮೊದಲು ಈ ಮಿತಿ 1 ಮೆಗಾವಾಟ್ ಇತ್ತು. ಗ್ರೂಪ್ ಕ್ಯಾಪ್ಟಿವ್ ಅಂತ ಇನ್ನೊಂದು ದಾರಿ, ಹಲವರು ಸೇರಿ ತಮ್ಮ ಬಳಕೆಗೆ ಒಂದು ಘಟಕದಲ್ಲಿ ಪಾಲು ಹಾಕುವುದು. ಬಳಸುವವರೆಲ್ಲ ಸೇರಿ ಘಟಕದಲ್ಲಿ ಕನಿಷ್ಠ ಶೇ 26 ಪಾಲು ಹೊಂದಿರಬೇಕು, ಕರೆಂಟಿನಲ್ಲಿ ಕನಿಷ್ಠ ಶೇ 51 ಬಳಸಬೇಕು. ಇಂಥ ಕರಾರುಗಳಲ್ಲಿ ಇಷ್ಟು ಯೂನಿಟ್ ತೆಗೆದುಕೊಳ್ಳಲೇಬೇಕು ಅನ್ನುವ ಷರತ್ತು ಸಾಮಾನ್ಯ. ಒಂದೂವರೆ ವರ್ಷದ ಹಿಂದೆ, 2.4 ಲಕ್ಷ ಯೂನಿಟ್ ಸುಡುತ್ತಿದ್ದಾಗ ಸಹಿ ಹಾಕಿದ್ದರೆ ವ್ಯರ್ಥಕ್ಕೂ ಸೇರಿಸಿ ಹತ್ತಾರು ವರ್ಷದ ಕರಾರು ಆಗುತ್ತಿತ್ತು. ಮೊದಲು ಸೋರಿಕೆ ನಿಲ್ಲಿಸಿ ಆಮೇಲೆ ಅಳತೆ ಕೊಟ್ಟದ್ದರಿಂದ ಕರಾರು ಚಿಕ್ಕದಾಯಿತು. ಮಾತುಕತೆ ಈಗ ಕೊನೆಯ ಹಂತದಲ್ಲಿದೆ.

ಕೆಲಸ ಹುಡುಕುವವರು ಇದರಲ್ಲಿ ಏನು ನೋಡಬೇಕು? ಆಕೆಯ ಹುದ್ದೆಯ ಹೆಸರಿನಲ್ಲಿ ಇವತ್ತಿಗೂ ಕ್ಲೈಮೇಟ್ ಇಲ್ಲ, ಮೆಂಟೆನೆನ್ಸ್ ಎಂಜಿನಿಯರ್ ಅಂತಲೇ ಇದೆ. ಸಂಬಳ ಏರಿದೆ, ಬೆಂಗಳೂರಿನಷ್ಟಿಲ್ಲ. ಮೂರು ವರ್ಷ ತುಂಬಿದ ಮೇಲೆ ಬಿಇಇ ಪರೀಕ್ಷೆ ಬರೆಯುತ್ತಾರೆ. ಟೆಸ್ಟಿಂಗ್ ಕೆಲಸದಿಂದ ಬಂದ ಒಂದು ಗುಣ ಮಾತ್ರ ಇಲ್ಲಿ ಚಿನ್ನದಂತೆ ಉಪಯೋಗಕ್ಕೆ ಬಂತು: ಯಾರು ಏನೇ ಹೇಳಿದರೂ ಲಾಗ್ ತೋರಿಸಿ ಅನ್ನುವುದು. ಫೌಂಡ್ರಿ ಮಾತ್ರ ಅಲ್ಲ. ಅಕ್ಕಿ ಗಿರಣಿ, ಡೈರಿ, ಆಲೆಮನೆ, ರೇಷ್ಮೆ ನೂಲು ಬಿಚ್ಚಾಣಿಕೆ, ಹೆಂಚಿನ ಕಾರ್ಖಾನೆ, ಎಲ್ಲ ಕಡೆ ಒಂದು ಬಾಯ್ಲರೋ ಭಟ್ಟಿಯೋ ಇದ್ದೇ ಇದೆ, ಅಳೆಯುವವರು ಇಲ್ಲ.

ಆಗಬೇಕಾದದ್ದು ಇನ್ನೂ ಇದೆ. ಕರೆಂಟು ಬಿಲ್ಲಿನಲ್ಲಿ ಕಾಣದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಒಂದು ದೊಡ್ಡ ಪಾಲು ಪಿಗ್ ಐರನ್‌ದು, ಅಂದರೆ ಭಟ್ಟಿಗೆ ಹಾಕಲು ಕೊಳ್ಳುವ ಕಚ್ಚಾ ಕಬ್ಬಿಣದ್ದು. ಕೊಪ್ಪಳ, ಹೊಸಪೇಟೆ ಕಡೆಯಿಂದ ಬರುವ ಈ ಕಬ್ಬಿಣ ಕೋಕ್ ಸುಟ್ಟು ಅದಿರಿನಿಂದ ಕಬ್ಬಿಣ ತೆಗೆಯುವ ಬ್ಲಾಸ್ಟ್ ಫರ್ನೇಸಿನದು, ಒಂದು ಟನ್‌ಗೆ ಒಂದೂವರೆ ಟನ್‌ಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಅದರ ಬದಲು ಉಕ್ಕಿನ ಸ್ಕ್ರ್ಯಾಪ್ ಹಾಕಿ, ಕಾರ್ಬುರೈಸರ್ ಅನ್ನುವ ಇಂಗಾಲದ ಪುಡಿ ಸೇರಿಸಿ, ಎರಕದ ಕಬ್ಬಿಣದೊಳಗೆ ಇರಬೇಕಾದ ಇಂಗಾಲವನ್ನು ಸರಿದೂಗಿಸಬಹುದು. ಗ್ರೇ ಐರನ್ ಮಾಲಿನಲ್ಲಿ ಇದನ್ನು ಶುರು ಮಾಡಿದ್ದಾರೆ. ಎಸ್‌ಜಿ ಐರನ್‌ನಲ್ಲಿ ಕಷ್ಟ, ಸ್ಕ್ರ್ಯಾಪಿನ ಮ್ಯಾಂಗನೀಸ್ ಅಡ್ಡ ಬರುತ್ತದೆ. ಆ ಟ್ರಯಲ್ ಮುಂದಿನ ತಿಂಗಳಿಗೆ ಇಟ್ಟಿದ್ದಾರೆ. ಮೇಸ್ತ್ರಿ ಒಪ್ಪಿದ್ದಾರೆ, ಎರಡು ಷರತ್ತಿನ ಮೇಲೆ: ತೆಳು ಮಾಲಿನಿಂದ ಶುರು ಮಾಡಬಾರದು, ಪ್ರತಿ ಹೀಟಿಗೂ ಸ್ಯಾಂಪಲ್ ಎರಡು ಸಲ ತೆಗೆಯಬೇಕು.